‘ಏನೂ ಮಾಡಲ್ಲ, ಬನ್ನಿ ಸಾರ್’

ಪಶುವೈದ್ಯನಾಗಿ ಹಳ್ಳಿ ಹಳ್ಳಿ ತಿರುಗಿದ ಕಾಲದಲ್ಲಿ ನಾನು ಅತಿ ಹೆಚ್ಚು ಸಲ ಕೇಳಿದ ಮಾತು ಇದು. ಹಸು ಗೂಟದ ಸುತ್ತ ಸುತ್ತುತ್ತಿರುತ್ತದೆ, ಕಣ್ಣಿನ ಬಿಳಿ ಹೊರಗೆ ಕಾಣುತ್ತಿರುತ್ತದೆ, ಎರಡೂ ಕಿವಿ ನನ್ನ ಕಡೆಗೇ ನೆಟ್ಟಿರುತ್ತವೆ. ಯಜಮಾನ ಮಾತ್ರ ಜಗಲಿಯ ಕಂಬಕ್ಕೆ ಒರಗಿಕೊಂಡು, ‘ಏನೂ ಮಾಡಲ್ಲ, ಬನ್ನಿ ಸಾರ್, ನಮ್ ಮಕ್ಳು ಅದರ ಹೊಟ್ಟೆ ಕೆಳಗೇ ನುಸೀತವೆ’ ಅನ್ನುತ್ತಿರುತ್ತಾನೆ. ಅದು ಸುಳ್ಳಲ್ಲ. ಅವನಿಗೂ ಅವನ ಮಕ್ಕಳಿಗೂ ಆ ಹಸು ಅಲ್ಲಿಯವರೆಗೆ ಏನೂ ಮಾಡಿರುವುದಿಲ್ಲ. ಆದರೆ ನಾನು ಅವನಲ್ಲವಲ್ಲ! ಮೈಮೇಲೆ ಹತ್ತು ಕೊಟ್ಟಿಗೆಗಳ ವಾಸನೆ, ಅದರ ಮೇಲೆ ಅಯೋಡಿನ್ ವಾಸನೆ, ಕೈಯಲ್ಲಿ ಸೂಜಿ. ಹಸುವಿನ ಲೆಕ್ಕದಲ್ಲಿ ನಾನು ಬೇರೆಯೇ ಪ್ರಾಣಿ.

ಇನ್ನು ಕೆಲವು ಮನೆಗಳಲ್ಲಿ ಬೈಕ್ ಸ್ಟ್ಯಾಂಡ್ ಹಾಕುವ ಮೊದಲೇ ಎಚ್ಚರಿಕೆ ಬರುತ್ತಿತ್ತು: ‘ಹುಷಾರು ಡಾಕ್ಟ್ರೇ, ಅದು ಹಾಯ್ತದೆ.’ ಅಂಥ ಕಡೆ ನನಗೆ ನೆಮ್ಮದಿ. ಊರೆಲ್ಲ ಅದನ್ನು ಬಲ್ಲದು. ತೆಂಗಿನ ಮರಕ್ಕೆ ತಲೆ ತಾಗುವಷ್ಟು ಗಿಡ್ಡವಾಗಿ ಕಟ್ಟಿರುತ್ತಾರೆ, ಮೂಗುದಾರ ಹಿಡಿಯಲು ಒಬ್ಬ, ಬಾಲ ಎತ್ತಿ ಹಿಡಿಯಲು ಇನ್ನೊಬ್ಬ, ಹುಡುಗರನ್ನು ಆಚೆ ಅಟ್ಟಲು ಅಜ್ಜಿ. ಕೆಲಸ ಮುಗಿದು ಎಲ್ಲರೂ ಕಾಫಿ ಕುಡಿಯುತ್ತೇವೆ. ನನ್ನ ಸೇವೆಯ ಉದ್ದಕ್ಕೂ ಕಂಡ ದೊಡ್ಡ ಪೆಟ್ಟುಗಳನ್ನು ನೆನೆದರೆ, ಮುರಿದ ಪಕ್ಕೆಲುಬು, ಹೋದ ಕಣ್ಣು, ಒಂದೆರಡು ಸಾವು, ಬಹುಪಾಲು ‘ಏನೂ ಮಾಡಲ್ಲ’ ಅನ್ನಿಸಿಕೊಂಡ ದನಗಳಿಂದಲೇ ಆದವು.

ಇದು ನಮ್ಮ ಸೀಮೆಯ ಅನುಭವ ಮಾತ್ರ ಎಂದುಕೊಂಡಿದ್ದೆ. ಆಮೇಲೆ ಅಮೆರಿಕದ ರೋಗ ನಿಯಂತ್ರಣ ಕೇಂದ್ರದವರು 2009ರಲ್ಲಿ ಪ್ರಕಟಿಸಿದ ಒಂದು ವರದಿ ಓದಿದೆ. ಅಯೋವಾ, ಕ್ಯಾನ್ಸಸ್, ಮಿಸ್ಸೋರಿ, ನೆಬ್ರಾಸ್ಕ ರಾಜ್ಯಗಳಲ್ಲಿ 2003ರಿಂದ 2008ರವರೆಗೆ ದನಗಳಿಂದ ಸತ್ತ 21 ಜನರ ಲೆಕ್ಕ ಅದು. ಹತ್ತು ಸಾವು ಒಂಟಿ ಹೋರಿಗಳಿಂದ, ಆರು ಒಂಟಿ ಹಸುಗಳಿಂದ, ಉಳಿದವು ಹಲವು ದನಗಳ ನಡುವೆ ಸಿಕ್ಕಿ. ನನ್ನ ಕಣ್ಣು ನಿಂತದ್ದು ಬೇರೊಂದು ಅಂಕಿಯ ಮೇಲೆ. 21ರಲ್ಲಿ 7 ಪ್ರಕರಣಗಳಲ್ಲಿ ಮಾತ್ರ ಆ ದನಕ್ಕೆ ಮೊದಲಿನಿಂದ ಹಾಯುವ ಅಭ್ಯಾಸವಿದ್ದದ್ದು ಗೊತ್ತಿತ್ತು. ಸತ್ತವರಲ್ಲಿ ಒಬ್ಬನ ಸಾವು ಕೊಂಬಿನಿಂದಲೂ ಅಲ್ಲ, ಗೊರಸಿನಿಂದಲೂ ಅಲ್ಲ. ಹಸು ಕೆಡವಿದಾಗ ಅವನ ಜೇಬಿನಲ್ಲಿದ್ದ ಸಿರಿಂಜಿನ ಔಷಧ ಅವನಿಗೇ ಚುಚ್ಚಿಕೊಂಡಿತ್ತು. ದನಕ್ಕೆ ಕೊಡುವ ಕೆಲವು ಔಷಧ ಮನುಷ್ಯನ ಹೃದಯವನ್ನೇ ನಿಲ್ಲಿಸುತ್ತವೆ. ಅದನ್ನು ಓದಿದ ದಿನದಿಂದ ನಾನು ತುಂಬಿದ ಸಿರಿಂಜನ್ನು ಜೇಬಿಗೆ ಹಾಕಿದ್ದಿಲ್ಲ.

ದನದ ವಿಷಯದಲ್ಲಿ ನನ್ನ ಮೊದಲ ಗುರು ಹೆಬ್ಬಾಳದ ಕಾಲೇಜಿನವರಲ್ಲ, ನಮ್ಮ ದೊಡ್ಡಪ್ಪ. ಚನ್ನರಾಯಪಟ್ಟಣದ ಕಡೆಯ ಊರು ನಮ್ಮದು. ದೊಡ್ಡಪ್ಪ ಬೂಕನಬೆಟ್ಟದ ಜಾತ್ರೆಯಲ್ಲಿ ಹಳ್ಳಿಕಾರ್ ಹೋರಿಗರು ತಂದು, ಪಳಗಿಸಿ, ಜೋಡಿ ಮಾಡಿ ಮಾರುತ್ತಿದ್ದ. ಹಳ್ಳಿಕಾರ್ ಎಂದರೆ ಬಲು ಚುರುಕು ಜಾತಿ. ಹಿಂದಕ್ಕೆ ಬಾಗಿ ಮತ್ತೆ ಮುಂದಕ್ಕೆ ಚಾಚಿದ ಚೂಪು ಕೊಂಬು, ಸಣ್ಣ ಸದ್ದಿಗೂ ಸೆಟೆಯುವ ಕಿವಿ. ಅಂಥದ್ದರ ಜೊತೆ ದಿನವೂ ಬಾಳುವವನು ಪಾಠ ಹೇಳುತ್ತಾ ಕೂರುವುದಿಲ್ಲ. ದೊಡ್ಡಪ್ಪನ ಮಾತೆಲ್ಲ ಬೈಗುಳವೇ. ‘ಹಗ್ಗ ಕೈಗೆ ಸುತ್ಕಬ್ಯಾಡ ಕಣ್ಲಾ! ಅದು ಓಡ್ತು ಅಂದ್ರೆ ನಿನ್ನೂ ಎಳ್ಕಂಡು ಹೋಯ್ತದೆ.’ ಪಕ್ಕದ ಊರಲ್ಲಿ ಒಬ್ಬ ದನ ಮೇಯಿಸುತ್ತಾ ನಿದ್ದೆ ಬಂತೆಂದು ಹಗ್ಗದ ತುದಿಯನ್ನು ಸೊಂಟಕ್ಕೆ ಬಿಗಿದು ಮಲಗಿದ್ದನಂತೆ. ಎಲ್ಲೋ ಪಟಾಕಿ ಸದ್ದಾಯಿತು. ಎತ್ತು ನಿಂತದ್ದು ಕೆರೆ ಏರಿಯ ಮೇಲೆ. ಆ ಕಥೆಯನ್ನು ದೊಡ್ಡಪ್ಪ ಮುಂದಕ್ಕೆ ಹೇಳುತ್ತಿರಲಿಲ್ಲ. ಹಗ್ಗವನ್ನು ಅಂಗೈಯಲ್ಲಿ ಮಡಿಚಿ ಹಿಡಿಯಬೇಕು, ಸುತ್ತಬಾರದು. ಗೂಟಕ್ಕೆ ಹಾಕುವುದು ಒಂದೇ ಎಳೆತಕ್ಕೆ ಬಿಚ್ಚುವ ಜೀರುಗಂಟೇ ಆಗಿರಬೇಕು. ಇವೆರಡನ್ನು ನಮಗೆ ಅಕ್ಷರಕ್ಕೆ ಮೊದಲು ಕಲಿಸಿದ್ದರು.

ಕೊಟ್ಟಿಗೆಗೆ ಹೋಗುವಾಗ ದೊಡ್ಡಪ್ಪ ಬಾಗಿಲಲ್ಲೇ ‘ಹೋ… ಹೋ…’ ಅನ್ನುತ್ತಿದ್ದ. ದನಕ್ಕೆ ಮರ್ಯಾದೆ ಕೊಡುತ್ತಾನೆ ಎಂದು ನಾವು ನಗುತ್ತಿದ್ದೆವು. ಅದರ ಕಾರಣ ತಿಳಿದದ್ದು ಕಾಲೇಜಿನಲ್ಲಿ ಕಣ್ಣಿನ ರಚನೆ ಓದಿದಾಗ. ದನದ ಕಣ್ಣು ತಲೆಯ ಎರಡು ಮಗ್ಗುಲಲ್ಲಿವೆ. ಮೇಯುತ್ತಲೇ ಅದು ಹೆಚ್ಚು ಕಡಿಮೆ ಸುತ್ತಲೂ ನೋಡಬಲ್ಲದು, 300 ಡಿಗ್ರಿಗೂ ಮೀರಿ. ಕಾಣದಿರುವುದು ಬೆನ್ನ ಹಿಂದಿನ ಒಂದು ಪಟ್ಟಿ ಮತ್ತು ಮೂಗಿನ ಕೆಳಗಿನ ಚೂರು ಜಾಗ. ನಾವು ಬಾಲದ ನೇರಕ್ಕೆ ಸದ್ದಿಲ್ಲದೆ ಹೋಗಿ ತೊಡೆಯ ಮೇಲೆ ಕೈಯಿಟ್ಟರೆ ಅದರ ಪಾಲಿಗೆ ಚಿರತೆಯೇ ಬಂದಂತೆ. ಒದೆಯುವುದು ಕೋಪಕ್ಕಲ್ಲ, ಪ್ರಾಣಕ್ಕೆ. ಇಷ್ಟು ಅಗಲ ನೋಡುವ ಕಣ್ಣು ಆಳವನ್ನು ಅಳೆಯುವುದರಲ್ಲಿ ದಡ್ಡ. ಎರಡೂ ಕಣ್ಣು ಒಟ್ಟಿಗೆ ನೋಡುವುದು ಎದುರಿನ ಸ್ವಲ್ಪ ಜಾಗವನ್ನು ಮಾತ್ರ. ಅದಕ್ಕೇ ದಾರಿಗಡ್ಡ ಬಿದ್ದ ನೆರಳು, ಚರಂಡಿ, ನೀರಿನ ಪೈಪು ಕಂಡರೆ ದನ ತಲೆ ತಗ್ಗಿಸಿ ನಿಂತುಬಿಡುತ್ತದೆ. ಬಿಸಿಲಿನಿಂದ ಕತ್ತಲೆಯ ಕೊಟ್ಟಿಗೆಗೆ ನುಗ್ಗಲು ಹಿಂಜರಿಯುತ್ತದೆ. ಆಗ ಹಿಂದಿನಿಂದ ಬಾರುಕೋಲು ಬೀಸಿದವನು, ಮುಂದೆ ಹಗ್ಗ ಹಿಡಿದವನ ಮೇಲೆ ಆ ದನವನ್ನು ಹಾರಿಸುತ್ತಾನೆ. ನಾಲ್ಕು ಉಸಿರು ಕಾದರೆ ಅದೇ ನೋಡಿಕೊಂಡು ದಾಟುತ್ತದೆ.

ಕೆಂಪು ಸೀರೆ ಕಂಡರೆ ಹಾಯುತ್ತದೆ ಎಂದು ನಮ್ಮ ಕಡೆ ಇವತ್ತಿಗೂ ಹೆಣ್ಣುಮಕ್ಕಳನ್ನು ಗದರುತ್ತಾರೆ. ಬಣ್ಣದ ತಪ್ಪಲ್ಲ ಅದು, ಅಲುಗಾಟದ್ದು. ಫಟ್ಟನೆ ಬಿಚ್ಚಿದ ಕೊಡೆ, ಗಾಳಿಗೆ ಹಾರಿದ ಟಾರ್ಪಾಲು, ಕೊಡವಿದ ಕಂಬಳಿ ಯಾವ ಬಣ್ಣದ್ದಾದರೂ ಸರಿ, ದನ ಹಗ್ಗ ಕೀಳುತ್ತದೆ. ಮಳೆಗಾಲದಲ್ಲಿ ನಾನು ನೋಡಿದ ಪೆಟ್ಟುಗಳಲ್ಲಿ ಕೊಡೆಯ ಪಾಲು ದೊಡ್ಡದು.

ಓಡಿಸುವ ವಿದ್ಯೆಗೂ ಒಂದು ಲೆಕ್ಕವಿದೆ. ಪ್ರತಿ ದನದ ಸುತ್ತ ಅದರದೇ ಒಂದು ಗಡಿ ಇರುತ್ತದೆ. ಗಡಿಯೊಳಗೆ ಕಾಲಿಟ್ಟರೆ ಸರಿದುಹೋಗುತ್ತದೆ, ಹೊರಗೆ ಬಂದರೆ ನಿಲ್ಲುತ್ತದೆ. ಭುಜದ ಹಿಂದೆ ನಿಂತು ಮುಂದುವರಿದರೆ ಮುಂದಕ್ಕೆ ಹೋಗುತ್ತದೆ, ಭುಜದ ಮುಂದೆ ಬಂದರೆ ಹಿಂದಕ್ಕೆ ಸರಿಯುತ್ತದೆ. ಅಮೆರಿಕದ ಟೆಂಪಲ್ ಗ್ರ್ಯಾಂಡಿನ್ ಇದನ್ನು ಚಿತ್ರ ಬರೆದು ಜಗತ್ತಿಗೆಲ್ಲ ಕಲಿಸಿದರು. ಮನೆಯ ಹಸುವಿಗೆ ಈ ಗಡಿ ಸೊನ್ನೆಗೆ ಇಳಿದಿರುತ್ತದೆ, ಕಾವಲಿನಲ್ಲಿ ಬಿಟ್ಟು ಬೆಳೆಸಿದ ದನಕ್ಕೆ ಹತ್ತಾರು ಮಾರು. ವಿದ್ಯಾರ್ಥಿಯಾಗಿದ್ದಾಗ ಅಜ್ಜಂಪುರದ ಅಮೃತಮಹಲ್ ತಳಿ ಕೇಂದ್ರಕ್ಕೆ ನಮ್ಮನ್ನು ಕರೆದೊಯ್ದಿದ್ದರು. ಕಾವಲಿನ ಅಂಚಿನಲ್ಲಿ ವ್ಯಾನಿನಿಂದ ಇಳಿದು ಹತ್ತು ಹೆಜ್ಜೆ ಹಾಕಿರಲಿಲ್ಲ, ದೂರದಲ್ಲಿದ್ದ ಹಿಂಡು ಒಟ್ಟಿಗೇ ತಲೆಯೆತ್ತಿತು. ದನಗಾಹಿ ಕೂಗಿ ನಮ್ಮನ್ನು ವಾಪಸು ವ್ಯಾನಿಗೆ ಅಟ್ಟಿದ. ಅವನು ಮಾತ್ರ ಬರಿಗಾಲಲ್ಲಿ ಅವುಗಳ ನಡುವೆ ಹೋಗಿ ನಿಂತ. ಹಿಂಡೇ ತಲೆಯೆತ್ತಿದ್ದನ್ನು ನಾವು ‘ಎಷ್ಟು ಚೆಂದ’ ಎಂದು ನೋಡುತ್ತಿದ್ದೆವು. ಅವನು ಅದನ್ನು ಎಚ್ಚರಿಕೆಯೆಂದು ಓದಿದ.

ಹೋರಿಯ ಎಚ್ಚರಿಕೆ ಇನ್ನೂ ಸ್ಪಷ್ಟ. ಆದರೆ ಅದನ್ನು ಓದಬಲ್ಲವರು ಕಡಿಮೆಯಾಗಿದ್ದಾರೆ. ಮೊದಲು ಊರಿಗೊಂದು ಬೀಜದ ಹೋರಿ ಇರುತ್ತಿತ್ತು, ಮಕ್ಕಳಿಗೂ ಅದರ ಮುಖಭಾವ ಗೊತ್ತಿತ್ತು. ಕೃತಕ ಗರ್ಭಧಾರಣೆ ಬಂದು ಹೋರಿಗಳು ಮನೆಗಳಿಂದ ಮರೆಯಾದವು. ಈಗ ಕಾಣುವುದು ದೇವರಿಗೆ ಬಿಟ್ಟ ಬಸವ, ಇಲ್ಲವೇ ಪೇಟೆಯ ತರಕಾರಿ ಮಾರ್ಕೆಟ್ಟಿನಲ್ಲಿ ಅಲೆಯುವ ಯಾರದೋ ಹೋರಿ. ಸಿಟ್ಟು ಬಂದ ಹೋರಿ ಮೊದಲು ಮುಖ ಕೊಡುವುದಿಲ್ಲ, ಮಗ್ಗುಲು ಕೊಡುತ್ತದೆ. ಅಡ್ಡ ನಿಂತು, ಕತ್ತು ಉಬ್ಬಿಸಿ, ಬೆನ್ನು ಕಮಾನು ಮಾಡಿ, ತಲೆ ತುಸು ಕೆಳಗಿಟ್ಟು ‘ನೋಡು, ನಾನೆಷ್ಟು ದೊಡ್ಡವ’ ಎನ್ನುತ್ತದೆ. ಗಂಟಲಾಳದಿಂದ ಗುಟುರು. ಆಮೇಲೆ ಮುಂಗಾಲಿನಿಂದ ಮಣ್ಣು ಕೆದರಿ ಬೆನ್ನಿಗೆ ಎರಚಿಕೊಳ್ಳುತ್ತದೆ, ಹುತ್ತವನ್ನೋ ಏರಿಯನ್ನೋ ಕೊಂಬಿನಿಂದ ತಿವಿಯುತ್ತದೆ. ಈ ಅಡ್ಡ ನಿಲುವು ಕಂಡಾಗ ಈಗಿನ ಹುಡುಗರು ಫೋನು ಹೊರತೆಗೆಯುತ್ತಾರೆ. ಹೋರಿ ಫೋಟೋಗೆ ನಿಂತಿದೆ ಎಂದುಕೊಳ್ಳುತ್ತಾರೋ ಏನೋ! ಆಗ ಮಾಡಬೇಕಾದ್ದು ಇಷ್ಟೇ: ಬೆನ್ನು ತಿರುಗಿಸಿ ಓಡದೆ, ಅದರ ಮೇಲೆ ಕಣ್ಣಿಟ್ಟುಕೊಂಡೇ ಅಡ್ಡಡ್ಡ ಹಿಂದೆ ಸರಿದು, ಮರವನ್ನೋ ಗಾಡಿಯನ್ನೋ ನಡುವೆ ಇಟ್ಟುಕೊಳ್ಳುವುದು. ನೇರ ಓಟದಲ್ಲಿ ಅದನ್ನು ಗೆದ್ದವರನ್ನು ನಾನು ಕಂಡಿಲ್ಲ. ಬಿದ್ದರೆ ಎದ್ದು ನಿಲ್ಲಲು ಹೋಗದೆ ಬೇಲಿಯ ಅಡಿಗೋ ಗಾಡಿಯ ಅಡಿಗೋ ಉರುಳಿಕೊಳ್ಳಬೇಕು.

ಹೋರಿಗಳಲ್ಲಿ ನನಗೆ ಅತಿ ಭಯ ಯಾವುದರದು ಎಂದು ಕೇಳಿದರೆ, ಹಳ್ಳಿಕಾರಿನದಲ್ಲ. ಬಾಟಲಿಯಲ್ಲಿ ಹಾಲು ಕುಡಿಸಿ, ಮನೆಯ ಅಂಗಳದಲ್ಲಿ ಒಂಟಿಯಾಗಿ ಬೆಳೆಸಿದ ಜರ್ಸಿ ಅಥವಾ ಎಚ್‌ಎಫ್ ಹೋರಿಗರುವಿನದು. ಬೇರೆ ದನಗಳ ಜೊತೆ ಬೆಳೆಯದ ಅದಕ್ಕೆ ಮನುಷ್ಯರೇ ತನ್ನ ಹಿಂಡು. ದೊಡ್ಡದಾದ ಮೇಲೆ ಹಿಂಡಿನಲ್ಲಿ ಯಾರು ಮೇಲು ಎಂದು ತೀರ್ಮಾನಿಸಲು ಅದು ಬೇರೆ ಹೋರಿಯನ್ನು ಹುಡುಕುವುದಿಲ್ಲ, ನಮ್ಮನ್ನೇ ಹುಡುಕುತ್ತದೆ. ನಮ್ಮಜ್ಜಿಗೆ ಈ ವಿವರಣೆ ಗೊತ್ತಿರಲಿಲ್ಲ, ಆದರೆ ಕರುವಿನ ಹಣೆ ಉಜ್ಜಿದರೆ ಕೈಗೇ ಹೊಡೆಯುತ್ತಿದ್ದಳು. ‘ಗುಮ್ಮೋದು ಕಲಿಸ್ತೀಯೇನೋ? ಕೆರೀಬೇಕು ಅಂದ್ರೆ ಗಂಗೆದೊಗಲು ಕೆರಿ.’ ಹಣೆಗೆ ಕೈಯೊತ್ತಿದರೆ ಕರು ತಿರುಗಿ ಒತ್ತುತ್ತದೆ. ಅದು ಆಟ. ಆ ಆಟವನ್ನು ಮುನ್ನೂರು ಕೆಜಿ ತೂಗುವ ದಿನವೂ ಅದು ಮರೆತಿರುವುದಿಲ್ಲ. ಗಂಗೆದೊಗಲು ಕೆರೆದರೆ ಕತ್ತು ಮೇಲೆತ್ತಿ ಕಣ್ಣು ಮುಚ್ಚುತ್ತದೆ. ತಲೆ ಮೇಲಿದ್ದ ದನ ಹಾಯಲಾರದು.

ಕರು ಹಾಕಿದ ಹಸುವಿನ ವಿಷಯ ಎಲ್ಲರೂ ಬಲ್ಲರು, ಆದರೂ ಮೋಸ ಹೋಗುತ್ತಾರೆ. ವರ್ಷವಿಡೀ ಮಗುವಿನಂತಿದ್ದ ಹಸು, ಈದ ಮೊದಲ ಕೆಲವು ದಿನ ಬೇರೆಯೇ ಹಸು. ತಾಯಿಗೂ ಕರುವಿಗೂ ನಡುವೆ ನಿಲ್ಲಬೇಡಿ, ಕರುವನ್ನು ಮುಟ್ಟುವುದಿದ್ದರೆ ತಾಯಿಯ ಕಣ್ಣೆದುರೇ ಮುಟ್ಟಿ, ನಾಯಿಯನ್ನು ಜೊತೆಗೆ ಕರೆದೊಯ್ಯಬೇಡಿ. ನಾಯಿ ಎಂದರೆ ಅದಕ್ಕೆ ತೋಳ. ಅಟ್ಟಿಸಿಕೊಂಡು ಬಂದಾಗ ನಾಯಿ ನೇರ ಯಜಮಾನನ ಕಾಲ ಸಂದಿಗೇ ಬರುತ್ತದೆ, ಅದರ ಬೆನ್ನಿಗೇ ಕೊಂಬು. ಬ್ರಿಟನ್ನಿನಲ್ಲಿ ಹುಲ್ಲುಗಾವಲು ದಾಟುವ ವಾಯುವಿಹಾರಿಗಳಿಗೆ ಕೊಡುವ ಸಲಹೆಯೂ ಇದೇ: ದನ ಮೇಲೆ ಬಂದರೆ ನಾಯಿಯ ಹಗ್ಗ ಬಿಟ್ಟುಬಿಡಿ, ನಾಯಿ ತನ್ನ ಪಾಡು ನೋಡಿಕೊಳ್ಳುತ್ತದೆ.

ಒದೆತದ ಬಗ್ಗೆ ಒಂದಿಷ್ಟು ಹೆಚ್ಚೇ ಹೇಳಬೇಕು, ಏಕೆಂದರೆ ಹಾಲು ಕರೆಯುವವರು ಹೆಚ್ಚಾಗಿ ಹೆಂಗಸರು, ಅವರ ಪೆಟ್ಟು ಆಸ್ಪತ್ರೆಗೆ ಹೋಗುವುದೂ ಅಪರೂಪ. ಕುದುರೆಯಂತೆ ಹಸು ನೇರ ಹಿಂದಕ್ಕೆ ಮಾತ್ರ ಒದೆಯುವುದಿಲ್ಲ. ಹಿಂಗಾಲನ್ನು ಮುಂದಕ್ಕೆ ತಂದು, ಹೊರಗೆ ಬೀಸಿ, ಹಿಂದಕ್ಕೆ ಎಳೆಯುತ್ತದೆ. ಅದಕ್ಕೇ ಮಗ್ಗುಲಲ್ಲಿ ಎರಡಡಿ ದೂರ ನಿಂತವನಿಗೆ ಪೂರಾ ಪೆಟ್ಟು ಬೀಳುತ್ತದೆ. ಮೈಗೆ ಮೈ ಒತ್ತಿ ನಿಂತವನಿಗೆ ಬರೀ ನೂಕು. ಕಾಲು ಎತ್ತುವ ಮುಂಚೆ ಅದು ಭಾರವನ್ನು ಇನ್ನೊಂದು ಕಾಲಿಗೆ ಸಾಗಿಸಲೇಬೇಕು. ತಲೆಯನ್ನು ಹಸುವಿನ ಹಳ್ಳೆಗೆ ಒತ್ತಿ ಕೂರುವ ನಮ್ಮ ಹೆಂಗಸರಿಗೆ ಆ ಸರಿತ ಮೊದಲೇ ತಿಳಿಯುತ್ತದೆ.

ಕರೆಯುವ ಕೈ ಬದಲಾದರೆ ಹಸು ಒಪ್ಪುವುದಿಲ್ಲ. ಹಿರೀಸಾವೆ ಕಡೆಯ ಒಬ್ಬರು, ಹೆಂಡತಿ ಬಾಣಂತನಕ್ಕೆ ತವರಿಗೆ ಹೋದಾಗ ಅವಳ ಹಳೆ ಸೀರೆ ಹೊದ್ದು ಹಾಲು ಕರೆಯುತ್ತಿದ್ದರು. ಅಕ್ಕಪಕ್ಕದವರು ಇಣುಕಿ ನಕ್ಕರೂ ಬಿಂದಿಗೆ ತುಂಬುತ್ತಿತ್ತು. ನಾನು ನಕ್ಕಿಲ್ಲ, ಬೇರೆಯವರಿಗೂ ಹಾಗೇ ಮಾಡಿ ಎಂದು ಹೇಳಿಕೊಟ್ಟೆ. ಆದರೆ ಕೈ ಬದಲಾಗದೆ, ಜಾಗ ಬದಲಾಗದೆ, ನಿನ್ನೆವರೆಗೆ ಸುಮ್ಮನಿದ್ದ ಹಸು ಇವತ್ತು ಒದ್ದರೆ ಕೋಲು ಹುಡುಕಬೇಡಿ, ಕೆಚ್ಚಲು ನೋಡಿ. ಕೆಚ್ಚಲು ಬಾವಿನ ಮೊದಲ ಸುದ್ದಿ ಎಷ್ಟೋ ಸಲ ಒದೆತದಲ್ಲೇ ಬರುತ್ತದೆ. ತೊಟ್ಟಿನಲ್ಲಿ ಬಿರುಕಿರಬಹುದು, ಕರೆಯುವವರ ಉಂಗುರವೋ ಉಗುರೋ ಚುಚ್ಚುತ್ತಿರಬಹುದು. ಹೊಡೆದು ನಿಲ್ಲಿಸಿದರೆ ನೋವೂ ಉಳಿಯುತ್ತದೆ, ಹೆದರಿಕೆಯೂ ಸೇರಿಕೊಳ್ಳುತ್ತದೆ.

ಇನ್ನೊಂದು ಬಗೆಯ ಅಪಾಯವಿದೆ. ಅದು ಕೊಂಬಿನದೂ ಅಲ್ಲ, ಗೊರಸಿನದೂ ಅಲ್ಲ. ಒಂದು ಮಳೆಗಾಲ, ಆಲೂಗೆಡ್ಡೆ ಕೀಳುವ ಹೊತ್ತು. ಹಾಸನದ ಕಡೆ ಆ ತಿಂಗಳುಗಳಲ್ಲಿ ಗಂಟಲಿಗೆ ಗೆಡ್ಡೆ ಸಿಕ್ಕಿಸಿಕೊಂಡ ಹಸುಗಳು ನಮಗೆ ಮಾಮೂಲು. ‘ನಿನ್ನೆಯಿಂದ ಜೊಲ್ಲು ಸುರಿಸ್ತಾ ಅದೆ ಸಾರ್, ಮೇವು ಮುಟ್ಟಿಲ್ಲ, ಗೆಡ್ಡೆ ಸಿಕ್ಕದೆ’ ಎಂದು ಕರೆದರು. ಹೋಗುವಷ್ಟರಲ್ಲಿ ಯಜಮಾನ ಎರಡು ಸಲ ಮೊಣಕೈವರೆಗೆ ಬಾಯಿಗೆ ಕೈಹಾಕಿ ತಡಕಿದ್ದ. ನನಗೂ ‘ಏನೂ ಮಾಡಲ್ಲ, ಹಾಕಿ ಸಾರ್’ ಎಂದ. ಹಸು ಆಗ ಒಂದು ಸಲ ಕೂಗಿತು. ಒಡಕು ಕೂಗು. ಉಸಿರು ಮುಗಿದರೂ ಎಳೆಯುತ್ತಲೇ ಇತ್ತು. ನಾನು ಕೈ ಹಿಂದೆ ಕಟ್ಟಿಕೊಂಡು ನಿಂತೆ. ಗೆಡ್ಡೆ ಸಿಕ್ಕ ಹಸು ಕತ್ತು ಚಾಚಿ ಕೆಮ್ಮುತ್ತದೆ, ಎಡ ಹೊಟ್ಟೆ ಉಬ್ಬರಿಸುತ್ತದೆ. ಹೀಗೆ ಬಿಟ್ಟೂ ಬಿಡದೆ ಕೂಗುವುದಿಲ್ಲ. ಈ ಹಸುವಿನ ಹೊಟ್ಟೆ ಒಳಕ್ಕೆ ಅಂಟಿತ್ತು, ಹಿಂಗಾಲು ತೂರಾಡುತ್ತಿದ್ದವು, ಕಣ್ಣು ಎದುರಿಗೆ ಸುಳಿದದ್ದನ್ನೆಲ್ಲ ಹಿಂಬಾಲಿಸುತ್ತಿತ್ತು. ‘ನಾಯಿ ಕಚ್ಚಿತ್ತಾ?’ ಎಂದು ಕೇಳಿದೆ. ಎಲ್ಲರೂ ಇಲ್ಲವೆಂದರು. ಒಳಗಿನಿಂದ ಸೊಸೆ ಮೆಲ್ಲಗೆ, ‘ಬಿತ್ತನೆ ಟೈಮಲ್ಲಿ ಒಂದು ನಾಯಿ ಮೂತಿಗೆ ಹಿಡ್ಕಂಡಿತ್ತಲ್ಲ ಮಾವ’ ಅಂದಳು.

ರೇಬೀಸ್. ಲಕ್ಷಣ ಕಂಡ ಮೇಲೆ ದನಕ್ಕೂ ಮನುಷ್ಯನಿಗೂ ಅದಕ್ಕೆ ಚಿಕಿತ್ಸೆಯಿಲ್ಲ. ಆದರೆ ಜೊಲ್ಲು ತಾಗಿದ ಮನುಷ್ಯನಿಗೆ ಲಕ್ಷಣ ಬರುವ ಮುಂಚೆ ಲಸಿಕೆ ಹಾಕಿಸಿದರೆ ಬದುಕುತ್ತಾನೆ. ಯಜಮಾನನ ಕೈಯಲ್ಲಿ ಗೆಡ್ಡೆ ಕಿತ್ತ ಗೀರುಗಳಿದ್ದವು. ಸೋಪು ಹಚ್ಚಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆಸಿ, ಬೈಕಿನಲ್ಲಿ ಕೂರಿಸಿಕೊಂಡೇ ಆಸ್ಪತ್ರೆಗೆ ಕರೆದೊಯ್ದೆ. ಹಸುವಿಗೆ ಹುಲ್ಲು ತಿನ್ನಿಸಿದ್ದ ಅವನ ಹೆಂಡತಿಗೂ ಮೊಮ್ಮಗನಿಗೂ ಲಸಿಕೆ ಆಯಿತು. ಮೂರು ದಿನದೊಳಗೆ ಹಸು ಸತ್ತಿತು. ಮನೆಯವರೆಲ್ಲ ಚೆನ್ನಾಗಿದ್ದಾರೆ. ಜೊಲ್ಲು ಸುರಿಸುವ, ಕೂಗು ಬದಲಾದ ದನದ ಬಾಯಿಗೆ ಕೈಹಾಕುವ ಮುಂಚೆ ಕಳೆದ ಕೆಲವು ತಿಂಗಳಲ್ಲಿ ನಾಯಿ ಕಚ್ಚಿತ್ತೇ ಎಂಬ ಪ್ರಶ್ನೆಯನ್ನು ಮನೆಯ ಗಂಡಸರಿಗಲ್ಲ, ದನ ಕಟ್ಟುವ ಹೆಂಗಸರಿಗೆ ಕೇಳಬೇಕು.

ಈಗ ನಮ್ಮ ಸೀಮೆಯಲ್ಲಿ ಎತ್ತುಗಳು ಕಡಿಮೆ. ಇರುವುದು ಡೇರಿಗೆ ಹಾಲು ಹಾಕುವ ಎಚ್‌ಎಫ್ ಮಿಶ್ರತಳಿ. ಕರುವಿದ್ದಾಗಲೇ ಕೊಂಬು ಸುಟ್ಟಿರುತ್ತಾರೆ, ಮೂಗುದಾರವೂ ಹಲವಕ್ಕಿಲ್ಲ. ಕೊಂಬಿಲ್ಲದ್ದು ಏನು ಮಾಡೀತು ಎಂಬ ಧೈರ್ಯ ಬಂದಿದೆ. ಆದರೆ ಅದರ ತೂಕ ನಾಲ್ಕು, ಐದು ನೂರು ಕೆಜಿ. ಹಗಲೂ ರಾತ್ರಿ ಒಂದೇ ಕಡೆ ಕಟ್ಟಿರುತ್ತದೆ. ಗೋದಲಿಗೆ ಮೇವು ಹಾಕಲು ಹೆಂಗಸು ಗೋಡೆಗೂ ಹಸುವಿಗೂ ನಡುವಿನ ಕಿರಿದು ಜಾಗಕ್ಕೆ ಹೋಗುತ್ತಾಳೆ. ನೊಣ ಕಚ್ಚಿತೆಂದು ಹಸು ಮೈ ತಿರುಗಿಸಿದರೂ ಸಾಕು, ಪಕ್ಕೆ ಉಳಿಯುವುದಿಲ್ಲ. ಅಲ್ಲಿ ಹಸುವಿಗೆ ಸಿಟ್ಟೂ ಇಲ್ಲ, ತಪ್ಪೂ ಇಲ್ಲ. ತಪ್ಪು ಗಾರೆಯವನ ನಕ್ಷೆಯದು.

ಹೊಸ ಕೊಟ್ಟಿಗೆ ಕಟ್ಟಿಸುತ್ತಿರುವವರಲ್ಲಿ ನನ್ನ ಬೇಡಿಕೆ ಒಂದೇ. ಸಾಲ ಮಾಡಿ ಮ್ಯಾಟು ಹಾಕಿಸುತ್ತೀರಿ, ಫ್ಯಾನು ಹಾಕಿಸುತ್ತೀರಿ. ಗೋಡೆಯ ಪಕ್ಕದಲ್ಲೋ ಮೂಲೆಯಲ್ಲೋ ಎರಡು ಕಂಬಗಳ ನಡುವೆ ಒಂದೂಕಾಲು ಅಡಿಯ ಸಂದು ಬಿಡಿಸಿ. ಮನುಷ್ಯ ಅಡ್ಡಡ್ಡಲಾಗಿ ನುಸುಳುತ್ತಾನೆ, ಹಸುವಿನ ಮೈ ನುಸುಳುವುದಿಲ್ಲ. ಅದಕ್ಕೆ ಹೆಚ್ಚಿನ ಖರ್ಚಿಲ್ಲ, ಒಂದು ಕಂಬ ಎಲ್ಲಿ ನಿಲ್ಲಬೇಕೆಂಬ ತೀರ್ಮಾನ ಅಷ್ಟೇ. ಆ ತೀರ್ಮಾನವನ್ನು ಮೇಸ್ತ್ರಿಗೆ ಬಿಡಬೇಡಿ. ದಿನಾ ಒಳಗೆ ಹೋಗಿ ಬರುವ ನಿಮ್ಮ ಮನೆಯ ಹೆಂಗಸರನ್ನು ಕೇಳಿ ಕಂಬ ನಿಲ್ಲಿಸಿ.